ಬಿಳಿ ಗೂಟದ ತೊಗರಿ

ರಾಯಚೂರಿನಿಂದ ಬೆಳಗಿನ ಪ್ಯಾಸೆಂಜರ್ ಗಾಡಿ ಹತ್ತಿದಾಗ ನನ್ನ ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಸ್ವೆಟರು, ಒಂದು ಭೂತಗನ್ನಡಿ ಮತ್ತು ಬೇರು ಸೀಳುವ ಚಿಕ್ಕ ಚಾಕು ಇದ್ದವು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಡಿಸೆಂಬರ್ ತಿಂಗಳು. ಕಿಟಕಿಯ ಸರಳು ಮುಟ್ಟಿದರೆ ಕೈ ಕೊರೆಯುತ್ತಿತ್ತು. ನಾನು ಹೊರಟಿದ್ದು ಹುಮನಾಬಾದಿಗೆ, ಕಚೇರಿಯ ಕೆಲಸದ ಮೇಲೆ. ಸುಮಿತ್ರಾ ಎಂಬಾಕೆಯ ಪ್ರಯೋಗ ನೋಡಿ ವರದಿ ಬರೆಯಬೇಕೆಂದು ಆದೇಶವಿತ್ತು. ಅದರಲ್ಲಿ ತಪ್ಪು ಹುಡುಕಿ ಬರಬೇಕೆಂದು ಮಾತ್ರ ಯಾರೂ ಹೇಳಿರಲಿಲ್ಲ. ಅದು ನನ್ನದೇ ಆಸೆಯಾಗಿತ್ತು.

ಸುಮಿತ್ರಾ ಐದು ವರ್ಷ ಹಿಂದೆ ರಾಯಚೂರಿನ ನಮ್ಮ ಕೃಷಿ ಸಂಶೋಧನಾ ಕೇಂದ್ರಕ್ಕೆ ನನ್ನ ಸಹಾಯಕಿಯಾಗಿ ಬಂದವಳು. ತೊಗರಿಯ ನೆಟೆ ರೋಗ ನನ್ನ ವಿಷಯ. ಹೂ ಬಿಟ್ಟು ಕಾಯಿ ಹಿಡಿಯುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ. ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ ಕಾಣುತ್ತದೆ. ಮಣ್ಣಿನಲ್ಲಿರುವ ಒಂದು ಕೆಟ್ಟ ಬೂಷ್ಟು ಬೇರಿನಿಂದ ಮೇಲೇರಿ ಗಿಡದ ನೀರಿನ ದಾರಿ ಮುಚ್ಚುವುದೇ ಇದಕ್ಕೆ ಕಾರಣ. ಅದೇ ಮಣ್ಣಿನಲ್ಲಿ ಗಿಡಕ್ಕೆ ಬೇಕಾದ ಇನ್ನೊಂದು ಬೂಷ್ಟೂ ಇದೆ. ಅದು ಬೇರಿನೊಳಗೆ ಮನೆ ಮಾಡಿಕೊಂಡು ಗಿಡದಿಂದ ಸಕ್ಕರೆ ಪಡೆಯುತ್ತದೆ. ಪ್ರತಿಯಾಗಿ, ಬೇರು ಮುಟ್ಟಲಾರದ ಕಡೆಯಿಂದ ರಂಜಕ ತಂದು ಕೊಡುತ್ತದೆ. ಅದು ತುಂಬಿದ ಬೇರಿಗೆ ರೋಗ ಸುಲಭವಾಗಿ ತಗಲುವುದಿಲ್ಲವೆಂಬ ನಂಬಿಕೆಯಿಂದ ನಾನೂ ಮೂರು ವರ್ಷ ಕುಂಡಗಳಲ್ಲಿ ಅದನ್ನು ಬೆಳೆಸಲು ಹೆಣಗಿ ಕೈಬಿಟ್ಟಿದ್ದೆ. ಬೇರನ್ನು ಕ್ಷಾರದಲ್ಲಿ ಕುದಿಸಿ, ನೀಲಿ ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಆ ಬೂಷ್ಟನ್ನು ಗುರುತಿಸುವುದನ್ನು ಸುಮಿತ್ರಾಳಿಗೆ ಕಲಿಸಿದವನು ನಾನು. ಆಮೇಲೆ ಅವಳಿಗೆ ಹುಮನಾಬಾದಿನ ಎರಡು ಕೋಣೆಯ ಉಪಕೇಂದ್ರಕ್ಕೆ ವರ್ಗವಾಯಿತು. ಹೋಗುವ ದಿನ ಅತ್ತಿದ್ದಳು.

ಅವಳ ಸುದ್ದಿ ಪತ್ರಿಕೆಯಲ್ಲಿ ಬಂದದ್ದನ್ನು ನಾನು ಓದಿದ್ದು ಕ್ಷೌರದ ಅಂಗಡಿಯಲ್ಲಿ, ಮುಖಕ್ಕೆಲ್ಲ ಸಾಬೂನು ಹಚ್ಚಿಕೊಂಡು ಕೂತಿದ್ದಾಗ. ‘ತೊಗರಿ ಉಳಿಸುವ ಬೇರಿನ ಬೂಷ್ಟು’ ಎಂದು ತಲೆಬರಹ. ಹಸಿರು ಸಾಲುಗಳ ನಡುವೆ ನಿಂತ ಸುಮಿತ್ರಾಳ ಫೋಟೊ. ಎರಡು ಸಲ ಓದಿದೆ, ನನ್ನ ಹೆಸರು ಎಲ್ಲೂ ಇರಲಿಲ್ಲ. ಮರುವಾರ ನಮ್ಮ ಮುಖ್ಯಸ್ಥರು ಕರೆದು ಹೇಳಿದರು: “ಗುರುನಾಥ, ಹೊಸಾ ಸೂಕ್ಷ್ಮದರ್ಶಕ ಒಂದೇ ಒಂದು ಮಂಜೂರಾಗೇದ. ನೀವು ನಾಕು ವರ್ಷದಿಂದ ಕೇಳಾಕತ್ತೀರಿ, ಖರೆ. ಆದ್ರ ಹುಮನಾಬಾದಿನ ಕೆಲಸ ಗಟ್ಟಿ ಇದ್ರ ಅಲ್ಲಿಗೇ ಕೊಡಬೇಕಾಗ್ತದ. ನೀವೇ ಹೋಗಿ ನೋಡಿ ಬರ್ರಿ.” ಆ ರಾತ್ರಿ ನನಗೆ ಊಟ ಸೇರಲಿಲ್ಲ.

ವಾಡಿಯಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಸಿಮೆಂಟಿನ ಧೂಳು ಕೂತ ಮರಗಳ ಕೆಳಗೆ ಒಬ್ಬಳು ಬಿಸಿ ಮಿರ್ಚಿ ಭಜಿ ಮಾರುತ್ತಿದ್ದಳು; ಎಂಟಾಣೆಗೆ ನಾಲ್ಕು. ತಿಂದು, ಗುಲ್ಬರ್ಗದಲ್ಲಿ ಇಳಿದು, ಬಸ್ ನಿಲ್ದಾಣಕ್ಕೆ ಟಾಂಗಾದಲ್ಲಿ ಹೋದೆ. ಹುಮನಾಬಾದಿಗೆ ಸುಮಾರು ಅರವತ್ತು ಕಿಲೋಮೀಟರು. ಕೆಂಪು ಬಸ್ಸಿನ ಹಿಂದಿನ ಸೀಟು ಸಿಕ್ಕಿತು. ದಾರಿಯ ಎರಡೂ ಬದಿ ತೊಗರಿಯೇ. ಹಸಿರು ಹೊಲಗಳ ನಡುವೆ ಅಲ್ಲಲ್ಲಿ ಸುಟ್ಟ ಹಾಗೆ ಒಣಗಿದ ತೇಪೆಗಳಿದ್ದವು. ಈ ಸೀಮೆಯಲ್ಲಿ ರೋಗ ಜೋರಾಗಿಯೇ ಇದೆ, ಹಾಗಿದ್ದ ಮೇಲೆ ಸುಮಿತ್ರಾಳ ಹೊಲದಲ್ಲೂ ಇರಲೇಬೇಕು ಎಂದುಕೊಂಡಾಗ ಮನಸ್ಸಿಗೆ ಹಿತವಾಯಿತು. ರೈತರ ಬೆಳೆ ಒಣಗಿದ್ದು ನೋಡಿ ಹಿತವಾಗುವ ಸ್ಥಿತಿಗೆ ನಾನು ಬಂದಿದ್ದೆ.

ಹುಮನಾಬಾದಿನ ನಿಲ್ದಾಣದಲ್ಲಿ ಸುಮಿತ್ರಾ ಕಾಯುತ್ತ ನಿಂತಿದ್ದಳು. ಬಿಸಿಲಿಗೆ ಕಪ್ಪಾಗಿದ್ದಳು, ಸ್ವಲ್ಪ ಸೊರಗಿದ್ದಳು. “ಬರ್ರಿ ಸರ್, ಆರಾಮ ಬಂದ್ರಿ?” ಎನ್ನುತ್ತ ನನ್ನ ಕೈಯ ಚೀಲ ತಾನೇ ಇಸಿದುಕೊಂಡಳು. ಮೊದಲು ನಮ್ಮ ರಾಯಚೂರಿನ ಧಾಟಿಯಲ್ಲಿ ಮಾತಾಡುತ್ತಿದ್ದವಳು ಈಗ ಆ ಕಡೆಯವಳೇ ಆಗಿಹೋಗಿದ್ದಳು. ನಿಲ್ದಾಣದಿಂದ ಉಪಕೇಂದ್ರಕ್ಕೆ ಹತ್ತು ನಿಮಿಷದ ದಾರಿ; ಅಷ್ಟರಲ್ಲಿ ಐದಾರು ಮಂದಿ ಅವಳನ್ನು ನಿಲ್ಲಿಸಿ ಮಾತಾಡಿಸಿದರು. ಸೈಕಲ್ ಅಂಗಡಿಯವನು, ಬೀಜದ ಅಂಗಡಿಯವನು, ಹೋರಿ ಹೊಡೆದುಕೊಂಡು ಹೊರಟಿದ್ದ ಮುದುಕ, ಎಲ್ಲರ ಬಾಯಲ್ಲೂ “ಅಕ್ಕೋರ, ಅಕ್ಕೋರ.” ನಾನು ಹತ್ತು ವರ್ಷ ಕೆಲಸ ಮಾಡಿದ ಊರಿನಲ್ಲಿ ನನ್ನನ್ನು ಹೀಗೆ ನಿಲ್ಲಿಸಿ ಮಾತಾಡಿಸುವವನು ಕ್ಷೌರದವನೊಬ್ಬನೇ.

ಉಪಕೇಂದ್ರವೆಂದರೆ ಎರಡು ಕೋಣೆ, ಹಿಂದೆ ತಗಡಿನ ಚಪ್ಪರ. ಚಪ್ಪರದಡಿ ನೂರಾರು ಕುಂಡಗಳಲ್ಲಿ ಜೋಳದ ಸಸಿ. ಆ ಬೂಷ್ಟು ಜೀವಂತ ಬೇರಿನಲ್ಲಿ ಮಾತ್ರ ಬೆಳೆಯುವುದರಿಂದ ಅವಳು ಅದನ್ನು ಜೋಳದ ಬೇರಿನಲ್ಲಿ ಸಾಕುತ್ತಿದ್ದಳು. ಸಸಿ ಕತ್ತರಿಸಿ, ಬೇರನ್ನು ಚೂರು ಮಾಡಿ, ಅದೇ ಮಣ್ಣಿನಲ್ಲಿ ಕಲಸಿ ಗೋಣಿಚೀಲಕ್ಕೆ ತುಂಬುವುದು. ಬಿತ್ತುವಾಗ ಪ್ರತಿ ಬೀಜದ ಕೆಳಗೆ ಒಂದು ಹಿಡಿ ಹಾಕುವುದು. ರೈತರು ಅದಕ್ಕೆ ‘ಬೇರಮಣ್ಣು’ ಎಂದು ಹೆಸರಿಟ್ಟಿದ್ದರು. “ಮೊದಲ ಹಿಡಿ ಎಲ್ಲಿಂದ ತಂದಿರಿ?” ಎಂದು ಕೇಳಿದೆ. “ಇಲ್ಲೇ ಹತ್ತಿರ ಹುಡಗಿ ಅಂತ ಒಂದು ಊರದ. ಅಲ್ಲಿ ಒಂದು ಹೊಲ ಪೂರಾ ನೆಟಿ ಹಾದಿತ್ತರಿ ಸರ್. ನಡುವ ಹನ್ನೊಂದು ಗಿಡ ಮಾತ್ರ ಹಚ್ಚಗ ನಿಂತಿದ್ವು. ಅವು ಯಾಕ ಸತ್ತಿಲ್ಲ ಅಂತ ಬುಡದ ಮಣ್ಣು ತಂದೆ,” ಎಂದಳು. ನಾನು ಅಂಥ ಹೊಲಗಳನ್ನು ಎಷ್ಟೋ ನೋಡಿದ್ದೆ. ಪ್ರತಿ ಸಲ ಸತ್ತ ಗಿಡಗಳನ್ನೇ ಕಿತ್ತು ತಂದಿದ್ದೆ.

ಕಿಟಕಿಯ ಬಳಿ ಅವಳ ಸೂಕ್ಷ್ಮದರ್ಶಕವಿತ್ತು. ಹಿತ್ತಾಳೆಯ ಕೊಳವೆಯ ಹಳೆಯ ಮಾದರಿ. ದೀಪವಿಲ್ಲ, ಕೆಳಗಿನ ಕನ್ನಡಿಯನ್ನು ಸೂರ್ಯನತ್ತ ತಿರುಗಿಸಿ ಬೆಳಕು ಹಿಡಿಯಬೇಕು. ಮೋಡ ಬಂದರೆ ಕೆಲಸ ನಿಂತಂತೆ. ಬಗ್ಗಿ ನೋಡಿದೆ. ತೊಗರಿಯ ಬೇರಿನ ಒಂದೊಂದು ಕೋಶದಲ್ಲೂ ನೀಲಿಯ ಪುಟ್ಟ ಮರ, ಕವಲೊಡೆದು, ಕವಲು ಮತ್ತೆ ಕವಲೊಡೆದು ತುಂಬಿಕೊಂಡಿತ್ತು. ಮೂರು ವರ್ಷದಲ್ಲಿ ಇಷ್ಟು ಸ್ಪಷ್ಟವಾದದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. “ಹ್ಯಾಂಗ ಅದ ಸರ್?” ಎಂದಳು. “ಬಣ್ಣ ಸ್ವಲ್ಪ ಹೆಚ್ಚಾಗೇದ,” ಎಂದೆ.

ಆ ರಾತ್ರಿ ಊರ ಪಕ್ಕದ ಮಾಣಿಕನಗರದಲ್ಲಿ, ಮಠದವರು ಯಾತ್ರಿಕರಿಗೆ ಕೊಡುವ ಒಂದು ಕೋಣೆಯಲ್ಲಿ ಉಳಿದೆ. ಬೆಳಿಗ್ಗೆ ಮಠದ ಕಡೆಯಿಂದ ಹಾರ್ಮೋನಿಯಂ ಜೊತೆ ಯಾರೋ ಹಾಡುವುದು ಕೇಳಿಸಿತು. ಬಾಗಿಲಲ್ಲಿ ಚಹಾ ಹಿಡಿದು ನಿಂತು ಸ್ವಲ್ಪ ಹೊತ್ತು ಕೇಳಿದೆ. ಎಂಟಕ್ಕೆಲ್ಲ ಸುಮಿತ್ರಾ ಬಂದಳು, ಹುಡಗಿಗೆ ಹೊರಟೆವು.

ಹುಡಗಿಯ ಹೊಲ ಮಾಣಿಕಪ್ಪ ಎಂಬ ರೈತರದು. ಪತ್ರಿಕೆಯ ಫೋಟೊ ತೆಗೆದದ್ದು ಅಲ್ಲೇ. ಬೇರಮಣ್ಣು ಹಾಕಿದ ಪಟ್ಟಿಗಳ ತುದಿಗೆ ಕೆಂಪು ಗೂಟ, ಏನೂ ಹಾಕದ ಪಟ್ಟಿಗಳ ತುದಿಗೆ ಬಿಳಿ ಗೂಟ. ಕೆಂಪು ಗೂಟದ ಸಾಲುಗಳು ಎದೆಯೆತ್ತರ ಬೆಳೆದು ಹಳದಿ ಹೂವು, ಎಳೆಗಾಯಿ ತುಂಬಿ ನಿಂತಿದ್ದವು. ಬಿಳಿ ಗೂಟದವು ಅರ್ಧಕ್ಕರ್ಧ ಒಣಗಿದ್ದವು. ಒಣಗಿದ ಗಿಡ ಸೀಳಿದೆ, ಒಳಗೆ ಕಪ್ಪು ಗೆರೆ. ಹಸಿರು ಗಿಡ ಸೀಳಿದೆ, ಒಳಗೆ ಬೆಳ್ಳಗಿತ್ತು. ಭೂತಗನ್ನಡಿ ಹಿಡಿದು ಸಾಲಿನಿಂದ ಸಾಲಿಗೆ ನಡೆದೆ.

ಮೂರನೆಯ ಸಾಲಿನಲ್ಲಿ ನನ್ನ ಕಾಲಿಗೆ ಏನೋ ಚುಚ್ಚಿತು. ಬಗ್ಗಿ ನೋಡಿದರೆ ಹಳೆಯ ಜೋಳದ ಕೂಳೆ, ಕೊಯ್ದ ದಂಟಿನ ಬುಡ. ಕೆಂಪು ಗೂಟದ ಪಟ್ಟಿಯಲ್ಲಿ ಅಲ್ಲಲ್ಲಿ ಇತ್ತು, ಬಿಳಿ ಗೂಟದ್ದರಲ್ಲಿ ಒಂದೂ ಇರಲಿಲ್ಲ. ಬದುವಿನ ಮೇಲೆ ಕೂತಿದ್ದ ಮಾಣಿಕಪ್ಪನವರ ಬಳಿ ಹೋಗಿ ಕೇಳಿದೆ: “ಹೋದ ವರ್ಷ ಇಲ್ಲಿ ಏನು ಬಿತ್ತಿದ್ರಿ?”

“ಈ ಕಡಿ ಜ್ವಾಳ ಇತ್ರಿ ಸಾಹೇಬ್ರ. ಆ ಕಡಿ ತೊಗರಿನೇ ಇತ್ತು,” ಎಂದರು.

ನನಗೆ ಕುಣಿಯಬೇಕೆನಿಸಿತು. ಜೋಳ ಬೆಳೆದ ಮಣ್ಣಿನಲ್ಲಿ ನೆಟೆ ರೋಗ ತಾನಾಗಿಯೇ ತಗ್ಗುತ್ತದೆ. ತೊಗರಿಯ ಮೇಲೆ ತೊಗರಿ ಹಾಕಿದರೆ ಏರುತ್ತದೆ. ಅಂದಮೇಲೆ ಈ ಗಿಡಗಳನ್ನು ಉಳಿಸಿದ್ದು ಬೂಷ್ಟೋ, ಹೋದ ವರ್ಷದ ಜೋಳವೋ? ನಾಲ್ಕು ದಿನಕ್ಕೆಂದು ಬಂದವನಿಗೆ ಎರಡನೆಯ ದಿನವೇ ಬೇಕಾದ ತಪ್ಪು ಸಿಕ್ಕಿಬಿಟ್ಟಿತ್ತು. ಸುಮಿತ್ರಾಳನ್ನು ಕರೆದು, ದನಿಯಲ್ಲಿ ಕನಿಕರ ತಂದುಕೊಂಡು, ಕೂಳೆ ತೋರಿಸಿದೆ.

ಅವಳು ಚೀಲದಿಂದ ಹೊಲದ ಪುಸ್ತಕ ತೆಗೆದು ಒಂದು ಪುಟ ತೆರೆದು ನನ್ನ ಕೈಗಿಟ್ಟಳು. ಬಿತ್ತನೆಯ ದಿನದ ಪುಟ. ‘ಕೆಂಪು ಪಟ್ಟಿಗಳಲ್ಲಿ ಹಿಂದಿನ ಬೆಳೆ ಜೋಳ ಎಂದು ಈ ದಿನ ತಿಳಿಯಿತು. ಈ ಹೊಲದಿಂದ ಏನನ್ನೂ ನಿಶ್ಚಯವಾಗಿ ಹೇಳುವಂತಿಲ್ಲ’ ಎಂದು ಅವಳ ದುಂಡು ಅಕ್ಷರದಲ್ಲಿತ್ತು.

“ಪೇಪರಿನವರಿಗೂ ಇದನ್ನ ಹೇಳಿದ್ದೆರಿ ಸರ್. ಬರೀಲಿಲ್ಲ ಅವರು,” ಎಂದಳು. “ಅದಕ್ಕೇ ಬಸವಕಲ್ಯಾಣದಾಗ ಇನ್ನೊಂದು ಹೊಲ ಹಿಡದೀನಿ. ಅಲ್ಲಿ ಮೂರು ವರ್ಷದಿಂದ ಪೂರಾ ಹೊಲ ತೊಗರಿನೇ. ಅಲ್ಲಿ ಫರಕು ಕಂಡ್ರ ಖರೆ, ಇಲ್ಲಂದ್ರ ಇಲ್ಲ. ನಾಳೆ ನೀವೇ ನೋಡ್ರಿ. ತಿಂಗಳಾತು, ನಾನೂ ಹೋಗಿಲ್ಲ.”

ಮಾಣಿಕಪ್ಪನವರ ಮನೆಯಲ್ಲಿ ಊಟವಾಯಿತು. ಜೋಳದ ಬಿಸಿರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೆ ಗಟ್ಟಿ ಮೊಸರು. ರುಚಿಯಾಗಿತ್ತು ಎಂದು ಈಗ ನೆನಪಾಗುತ್ತದೆ. ಅಂದು ಗಮನವೆಲ್ಲ ಆ ಪುಟದ ಮೇಲಿತ್ತು. ನಾನು ಕಂಡುಹಿಡಿದೆನೆಂದು ಹಿಗ್ಗಿದ್ದನ್ನು ಅವಳು ಆರು ತಿಂಗಳ ಹಿಂದೆಯೇ ಬರೆದಿಟ್ಟಿದ್ದಳು.

ಮೂರನೆಯ ದಿನ ಬಸವಕಲ್ಯಾಣದ ಬಸ್ಸು. ಸೋಲಾಪುರದ ಹೆದ್ದಾರಿಯಲ್ಲಿ ರಾಜೇಶ್ವರ ದಾಟಿ, ಸಸ್ತಾಪುರ ಬಂಗ್ಲಾದ ಬಳಿ ಬಲಕ್ಕೆ ತಿರುಗಿದರೆ ಊರು. ಒಟ್ಟು ಒಂದು ತಾಸಿನ ಪ್ರಯಾಣ. ಮಹಿಳೆಯರ ಸೀಟಿನಲ್ಲಿ ಕೂತ ಸುಮಿತ್ರಾ ದಾರಿಯುದ್ದಕ್ಕೂ ಹೊಲಗಳನ್ನೇ ನೋಡುತ್ತಿದ್ದಳು. ಊರಲ್ಲಿಳಿದು, ಕೋಟೆಯ ಕಡೆಯ ಹೋಟೆಲಿನಲ್ಲಿ ಮಂಡಕ್ಕಿಯ ಸುಸಲಾ ತಿಂದು, ತ್ರಿಪುರಾಂತ ಕೆರೆಯ ಆಚೆ ಮೂರು ಕಿಲೋಮೀಟರು ನಡೆದೆವು. ಹೊಲ ಸೋನಾಬಾಯಿ ಎಂಬಾಕೆಯದು. ಐವತ್ತು ದಾಟಿದ ಹೆಂಗಸು. ಗಂಡ, ಮಗ ಇಬ್ಬರೂ ಕಲ್ಲಿನ ಗಣಿಗೆ ಕೆಲಸಕ್ಕೆ ಹೋಗುತ್ತಿದ್ದರು. ಎರಡು ಎಕರೆಯ ಕಪ್ಪು ಮಣ್ಣಿನ ಹೊಲವನ್ನು ಇವಳೇ ನೋಡಿಕೊಳ್ಳುತ್ತಿದ್ದಳು. ಹೊಲದ ಮೂಲೆಯ ಗುಡಿಸಲಿನ ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ಸುಮಿತ್ರಾ ಕೊಟ್ಟ ಕ್ಯಾಲೆಂಡರ್ ಇತ್ತು.

ಬದು ಹತ್ತಿದ ಸುಮಿತ್ರಾ ಅಲ್ಲೇ ನಿಂತುಬಿಟ್ಟಳು. ನಾನು ಅವಳ ಹಿಂದಿನಿಂದ ನೋಡಿದೆ. ಕೆಂಪು ಗೂಟದ ಸಾಲುಗಳೂ ಹಸಿರು, ಬಿಳಿ ಗೂಟದ ಸಾಲುಗಳೂ ಹಸಿರು. ಅಲ್ಲೊಂದು ಇಲ್ಲೊಂದು ಒಣಗಿದ ಗಿಡ ಎರಡರಲ್ಲೂ ಇತ್ತು. ಗೂಟ ಕಿತ್ತರೆ ಯಾವುದು ಯಾವುದೆಂದು ದೇವರಿಗೂ ಗೊತ್ತಾಗುತ್ತಿರಲಿಲ್ಲ. ಬದುವಿನಾಚೆ ಪಕ್ಕದವರ ಹೊಲದಲ್ಲಿ ಮಾತ್ರ ಅರ್ಧ ಬೆಳೆ ಒಣಗಿ ನಿಂತಿತ್ತು.

“ಅವರದು ಬ್ಯಾರೆ ತಳಿ ಬೀಜರಿ. ಅದನ್ನ ಲೆಕ್ಕಕ್ಕ ಹಿಡಿಯೂಹಂಗಿಲ್ಲ,” ಎಂದಳು ಸುಮಿತ್ರಾ, ನಾನು ಕೇಳದಿದ್ದರೂ. ಪುಸ್ತಕ ತೆಗೆದುಕೊಂಡು ಗಿಡ ಎಣಿಸಲು ಆಚೆ ತುದಿಗೆ ಹೋದಳು.

ಸೋನಾಬಾಯಿ ನನಗೆ ಬೇವಿನ ಮರದಡಿ ಗೋಣಿತಟ್ಟು ಹಾಸಿ, ತಂಬಿಗೆಯಲ್ಲಿ ಮಜ್ಜಿಗೆ ತಂದು ಕೊಟ್ಟಳು. ಸ್ವಲ್ಪ ಹೊತ್ತು ಸುಮಿತ್ರಾ ಹೋದ ಕಡೆಯೇ ನೋಡಿ, ಕೇಳಿದಳು: “ಸಾಹೇಬ್ರ, ಅಕ್ಕೋರ ಮಾರಿ ಯಾಕ ಸಣ್ಣದಾತು? ಬೆಳಿ ಚೊಲೊ ಬಂದದಲ್ರಿ?”

“ಎರಡೂ ಕಡೆ ಚೊಲೊ ಬಂದದಲ್ಲ, ಅದಕ್ಕ,” ಎಂದೆ. “ಹಾಕಿದ್ದಕ್ಕೂ ಹಾಕದ್ದಕ್ಕೂ ಫರಕು ಇಲ್ಲಂದ್ರ ಆಕಿ ಬೇರಮಣ್ಣಿನಿಂದ ಏನೂ ಫಾಯದಾ ಇಲ್ಲ ಅಂತ ಆಗ್ತದ.”

ಸೋನಾಬಾಯಿಯ ಕೈ ಸೆರಗಿನ ತುದಿ ಹಿಂಡತೊಡಗಿತು. ಹತ್ತಿರ ಬಂದು ದನಿ ತಗ್ಗಿಸಿದಳು. “ನಿಮಗೊಂದು ಮಾತು ಹೇಳ್ತೀನಿ, ಅಕ್ಕೋರಿಗೆ ಹೇಳಬ್ಯಾಡ್ರಿ. ಮಾತು ಕೊಡ್ರಿ.”

“ಹೇಳಂಗಿಲ್ಲ, ಹೇಳು,” ಎಂದೆ.

“ಬಿತ್ತಿದ ದಿನ ಎರಡು ಚೀಲ ಬೇರಮಣ್ಣು ಉಳದಿತ್ರಿ. ಅಕ್ಕೋರು ಇಲ್ಲೇ ಇಟ್ಟು ಹೋಗಿದ್ರು. ಮರುದಿನ ನಾನೇ ಬಿಳಿ ಗೂಟದ ಸಾಲಿಗೆಲ್ಲಾ ಬೀಜದ ಬುಡಕ್ಕ ಒಂದೊಂದು ಹಿಡಿ ಹಾಕಿದೆ. ತಿಪ್ಪಿಗೆ ಸುರುವೀನಿ ಅಂತ ಅಕ್ಕೋರಿಗೆ ಸುಳ್ಳು ಹೇಳಿದೆ. ಅರ್ಧಾ ಕೂಸುಗಳಿಗೆ ಉಣಿಸಿ ಅರ್ಧಾ ಕೂಸುಗಳನ್ನ ಉಪವಾಸ ಕೆಡವೂದು ನನ್ನ ಕೈಲಿ ಆಗಲಿಲ್ರಿ. ಅವೂ ನನ್ನ ಗಿಡಾನೇ ಅಲ್ಲೇನ್ರಿ?”

ಇಡೀ ಹೊಲಕ್ಕೆ ಬೂಷ್ಟು ಸಿಕ್ಕಿತ್ತು, ಇಡೀ ಹೊಲ ಉಳಿದಿತ್ತು. ಮೂರು ವರ್ಷ ತೊಗರಿಯ ಮೇಲೆ ತೊಗರಿ ಬೆಳೆದ ಮಣ್ಣಿನಲ್ಲಿ ಇಂಥ ಬೆಳೆ ನಾನು ಎಲ್ಲೂ ಕಂಡಿರಲಿಲ್ಲ. ಇದನ್ನು ಪೂರ್ಣ ರುಜುವಾತು ಎನ್ನಲಾಗದು. ಹೋಲಿಸಿ ನೋಡಲು ಖಾಲಿ ಪಟ್ಟಿಯೇ ಉಳಿದಿರಲಿಲ್ಲ. ಆದರೆ ‘ಫಾಯದಾ ಇಲ್ಲ’ ಎನ್ನುವುದು ಮಾತ್ರ ಶುದ್ಧ ಸುಳ್ಳಾಗುತ್ತಿತ್ತು. ಈಗ ಅದು ಗೊತ್ತಿದ್ದವರು ನಾವಿಬ್ಬರೇ.

ಸುಮಿತ್ರಾ ಎಣಿಕೆ ಮುಗಿಸಿ ಬಂದಳು. ಎರಡೂ ಬಗೆಯ ಸಾಲುಗಳಿಂದ ಬೇರು ಸಮೇತ ಕಿತ್ತ ಗಿಡಗಳನ್ನು ಒದ್ದೆ ಚೀಲದಲ್ಲಿ ಸುತ್ತಿ ತಂದಿದ್ದಳು. ಸೋನಾಬಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದಳು: “ದೊಡ್ಡವ್ವಾ, ಬಿಳಿ ಗೂಟದ ಸಾಲಿಗೆ ಏನೂ ಹಾಕಿಲ್ಲಲ್ಲ? ಖರೆ ಹೇಳು.”

ಸೋನಾಬಾಯಿ ನನ್ನ ಕಡೆ ನೋಡಿದಳು. ನಾನು ತಂಬಿಗೆ ಎತ್ತಿ ಕುಡಿದೆ.

“ಇಲ್ಲವ್ವಾ,” ಎಂದಳು.

ಸುಮಿತ್ರಾ ಅಲ್ಲೇ ಕೂತು ಪುಸ್ತಕ ತೆರೆದು ಬರೆದಳು. ‘ಎರಡಕ್ಕೂ ವ್ಯತ್ಯಾಸವಿಲ್ಲ.’ “ಈ ಮಣ್ಣಾಗ ಆ ಬೂಷ್ಟು ಮೊದ್ಲೇ ಬೇಕಾದಷ್ಟು ಇದ್ದೀತು ಸರ್. ನಾ ಹಾಕಿದ್ದಕ್ಕ ಏನೂ ಆಗಿಲ್ಲ,” ಎಂದಳು. ನಾನು ತಲೆಯಾಡಿಸಿದೆ. ಕೊಟ್ಟ ಮಾತು ಉಳಿಸಿಕೊಳ್ಳುತ್ತಿದ್ದೇನೆ ಎಂದು ಹುಮನಾಬಾದ್ ಮುಟ್ಟುವವರೆಗೂ ನನಗೆ ನಾನೇ ಹೇಳಿಕೊಂಡೆ.

ನಾಲ್ಕನೆಯ ದಿನ ಬೆಳಿಗ್ಗೆ ಅವಳು ನಿಲ್ದಾಣಕ್ಕೆ ಬಂದು ಒಂದು ಲಕೋಟೆ ಕೊಟ್ಟಳು. “ಮುಖ್ಯಸ್ಥರಿಗೆ ಕೊಡ್ರಿ ಸರ್. ಅಂಟಿಸಿಲ್ಲ, ನೀವೂ ಓದಬಹುದು.” ಕಣ್ಣು ಕೆಂಪಾಗಿದ್ದವು. ಬಸ್ಸು ಊರು ದಾಟಿದ ಕೂಡಲೇ ತೆಗೆದು ಓದಿದೆ. ಪತ್ರಿಕೆಯ ಸುದ್ದಿ ಅವಸರದ್ದೆಂದೂ, ಬಸವಕಲ್ಯಾಣದ ಹೊಲದಲ್ಲಿ ಬೂಷ್ಟಿನಿಂದ ಪ್ರಯೋಜನ ಕಾಣಲಿಲ್ಲವೆಂದೂ ಮೊದಲ ಪುಟದಲ್ಲಿತ್ತು. ಓದುತ್ತ ಹೊಸ ಸೂಕ್ಷ್ಮದರ್ಶಕವನ್ನು ನನ್ನ ಕೋಣೆಯ ಯಾವ ಮೇಜಿನ ಮೇಲೆ ಇಡಬೇಕೆಂದು ಯೋಚಿಸಿದೆ. ಉತ್ತರದ ಕಿಟಕಿಯ ಪಕ್ಕ ಎಂದು ತೀರ್ಮಾನಿಸಿಯೂ ಬಿಟ್ಟೆ. ಆಮೇಲೆ ಪುಟ ತಿರುವಿದೆ. ‘ಈ ಕೆಲಸದ ಒಂದೊಂದು ಹೆಜ್ಜೆಯನ್ನೂ ನನಗೆ ಕಲಿಸಿದವರು ಗುರುನಾಥ ಅವರು. ಪತ್ರಿಕೆಯವರಿಗೆ ಅವರ ಹೆಸರು ಹೇಳಿದ್ದೆ, ಅದನ್ನೂ ಅವರು ಬಿಟ್ಟರು. ಸೂಕ್ಷ್ಮದರ್ಶಕ ಅವರಿಗೇ ಸಿಗಲಿ ಎಂದು ಕೋರುತ್ತೇನೆ.’

ಅದೇ ಸಾಲುಗಳನ್ನು ಎಷ್ಟು ಸಲ ಓದಿದೆನೋ. ಅವಳ ಸ್ಥಾನದಲ್ಲಿ ನಾನಿದ್ದಿದ್ದರೆ ಹೀಗೆ ಬರೆಯುತ್ತಿರಲಿಲ್ಲ. ಅದು ಗೊತ್ತಾದಾಗ ಬೂಷ್ಟಿನ ಮೇಲಿನ, ಫೋಟೊದ ಮೇಲಿನ ಹೊಟ್ಟೆಕಿಚ್ಚೆಲ್ಲ ಸೇರಿ ಈ ಸಾಲುಗಳ ಮೇಲೆ ಬಂದು ಕೂತಿತು. ಅವಳಿಗೆ ಈ ದೊಡ್ಡತನವೂ ಬರುತ್ತದಲ್ಲ ಎಂದು ಸಿಟ್ಟು ಬಂತು. ಆದರೆ ಆ ಲಕೋಟೆ ಹಿಡಿದು ಮುಂದೆ ಹೋಗಲಾಗಲಿಲ್ಲ. ಕಮಲಾಪುರದಲ್ಲಿ ಬಸ್ಸು ನಿಂತಾಗ ಚೀಲ ಎತ್ತಿಕೊಂಡು ಇಳಿದೆ. “ಟಿಕೆಟ್ ಗುಲ್ಬರ್ಗದ್ದದಲ್ರಿ?” ಎಂದ ಕಂಡಕ್ಟರ್. “ಒಂದು ಸಾಮಾನು ಮರತೀನಿ,” ಎಂದೆ. ಅಲ್ಲಿ ಕೆಂಪು ಬಾಳೆಹಣ್ಣಿನ ರಾಶಿಗಳ ನಡುವೆ ಮುಕ್ಕಾಲು ತಾಸು ನಿಂತು, ವಾಪಸ್ ಹೋಗುವ ಬಸ್ಸು ಹಿಡಿದೆ. ನಿಂತಷ್ಟು ಹೊತ್ತೂ ಬಸ್ಸು ಬರದಿದ್ದರೆ ಒಳ್ಳೆಯದಿತ್ತು ಎಂದೂ ಅನಿಸುತ್ತಿತ್ತು.

ಸುಮಿತ್ರಾ ಚಪ್ಪರದಡಿ ಕುಂಡಗಳ ನಡುವೆ ಇದ್ದಳು. ನಿಂತಲ್ಲೇ ಎಲ್ಲ ಹೇಳಿದೆ. ಅವಳು ಕೈಯ ನೀರಿನ ಮಗ್ಗು ಕೆಳಗಿಟ್ಟಳು.

“ನಿನ್ನೆ ಯಾಕ ಹೇಳಲಿಲ್ಲ?” ‘ಸರ್’ ಎನ್ನಲಿಲ್ಲ.

“ಆಕಿಗೆ ಮಾತು ಕೊಟ್ಟಿದ್ದೆ...”

ಅವಳು ಒಳಗೆ ಹೋಗಿ ಪುಸ್ತಕ, ಚೀಲ ತಂದಳು. “ನಡ್ರಿ. ಹನ್ನೆರಡರ ಬಸ್ ಅದ.”

ಮತ್ತೆ ಅದೇ ಹೆದ್ದಾರಿ, ಅದೇ ಬಂಗ್ಲಾ, ಅದೇ ಮೂರು ಕಿಲೋಮೀಟರು. ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿದ ಕೂಡಲೇ ಸೋನಾಬಾಯಿಗೆ ಅರ್ಥವಾಯಿತು. “ಮಾತು ಕೊಟ್ಟಿದ್ರಲ್ರಿ ಸಾಹೇಬ್ರ!” ಎಂದು ನನ್ನ ಮೇಲೇ ಬಿದ್ದಳು. ಆಮೇಲೆ ಸುಮಿತ್ರಾಳ ಕೈ ಹಿಡಿದು ಅಳತೊಡಗಿದಳು. “ಗಲತಿ ಆತವ್ವಾ. ನಿನ್ನ ಕೆಲಸ ಕೆಡ್ತದ ಅಂತ ಮಾಲೂಮ್ ಇದ್ದಿಲ್ಲ ನನಗ.”

“ಇರ್ಲಿ ಬಿಡು ದೊಡ್ಡವ್ವಾ. ಬೆಳಿ ಉಳೀತಲ್ಲ,” ಎಂದು ಸುಮಿತ್ರಾ ಅವಳ ಬೆನ್ನು ಸವರಿದಳು. “ಬರೂ ವರ್ಷ ಮತ್ತ ಹಾಕೂಣು. ಬಿಳಿ ಗೂಟದ ಗಿಡ ಸತ್ರ ಅದಕ್ಕ ನಾ ಜವಾಬ್ದಾರಿ, ನೀನಲ್ಲ. ಆತಿಲ್ಲೊ?” ಖಾಲಿ ಚೀಲ ತರಿಸಿ ನೋಡಿದಳು. ಎಷ್ಟು ಸಾಲಿಗೆ ಬಂತು, ಎಷ್ಟು ಹಿಡಿ ಹಾಕಿದೆ, ಯಾವ ದಿನ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡಳು. ಪಕ್ಕದವರ ಹೊಲಕ್ಕೆ ತಾಗಿದ ಅಂಚಿನ ಎರಡು ಬಿಳಿ ಗೂಟದ ಸಾಲಿಗೆ ಮಣ್ಣು ಸಾಲದೆ ಬಿಟ್ಟಿದ್ದಾಗಿ ಸೋನಾಬಾಯಿ ನೆನಪಿಸಿಕೊಂಡಳು. ಮೂವರೂ ಅಲ್ಲಿಗೆ ಹೋದೆವು. ಆ ಎರಡು ಸಾಲಿನಲ್ಲಿ ಒಣಗಿದ ಗಿಡಗಳೇ ಹೆಚ್ಚಿದ್ದವು; ದೂರದಿಂದ ನಾನು ಅವನ್ನು ಪಕ್ಕದವರ ಬೆಳೆಯೆಂದೇ ತಿಳಿದಿದ್ದೆ. ಹಿಂದಿನ ದಿನ ಅವನ್ನು ಅಂಚಿನ ಸಾಲುಗಳೆಂಬ ಕಾರಣಕ್ಕೆ ಸುಮಿತ್ರಾ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅಂಚಿನ ಗಿಡಗಳನ್ನು ಎಣಿಸಬಾರದೆಂದು ಅವಳಿಗೆ ಕಲಿಸಿದವನೂ ನಾನೇ.

ಸುಮಿತ್ರಾ ಆ ಸಾಲುಗಳಿಂದ ಕೆಲವು ಗಿಡ ಬೇರು ಸಮೇತ ಕಿತ್ತು ಒದ್ದೆ ಚೀಲದಲ್ಲಿ ಸುತ್ತಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು. “ಆಕಿ ಗಿಡದ ಮ್ಯಾಲಿನ ಜೀವಕ್ಕ ಮುಚ್ಚಿಟ್ಟಳು. ನೀವು ಯಾತಕ್ಕ ಮುಚ್ಚಿಟ್ರಿ ಸರ್?”

“ಹೊಟ್ಟಿಕಿಚ್ಚಿಗೆ,” ಎಂದೆ. ಬೇರೆ ಶಬ್ದ ಹುಡುಕಿದರೂ ಸಿಗಲಿಲ್ಲ.

ಅವಳು ಪುಸ್ತಕವನ್ನೂ ಪೆನ್ನನ್ನೂ ನನ್ನ ಕೈಗೆ ಕೊಟ್ಟಳು. “ಬರೀರಿ. ನಿಮ್ಮ ಕೈಲೇ ಬರ್ದು ಸಹಿ ಮಾಡ್ರಿ.” ಬದುವಿನ ಮೇಲೆ ಕೂತು ಬರೆದೆ. ಸೋನಾಬಾಯಿ ಹೇಳಿದ್ದು, ಅಂಚಿನ ಸಾಲು, ಎಲ್ಲ ಬರೆದು, ಕೊನೆಗೆ ‘ಈ ವಿಷಯ ತಿಳಿಸಲು ನನ್ನಿಂದ ಒಂದು ದಿನ ತಡವಾಯಿತು’ ಎಂದು ಸಹಿ ಹಾಕಿದೆ. ಅವಳು ಓದಿ ವಾಪಸ್ ಕೊಟ್ಟಳು.

“ತಡ ಆಗಿಲ್ರಿ ಇದು.”

ಕೊನೆಯ ಸಾಲು ಹೊಡೆದು, ಅದರ ಕೆಳಗೆ ‘ಈ ವಿಷಯವನ್ನು ನಾನು ಒಂದು ದಿನ ಬೇಕೆಂದೇ ಮುಚ್ಚಿಟ್ಟೆ’ ಎಂದು ಬರೆದೆ. ಇನ್ನೊಂದು ಸಹಿ ಹಾಕಿದೆ. ಲಕೋಟೆ ವಾಪಸ್ ಕೊಟ್ಟೆ. ಅವಳು ಅದನ್ನು ಹರಿಯಲಿಲ್ಲ, ಮಡಚಿ ಚೀಲಕ್ಕೆ ಹಾಕಿಕೊಂಡಳು.

ಸಂಜೆಯ ಗುಲ್ಬರ್ಗದ ಬಸ್ಸನ್ನು ಇಬ್ಬರೂ ಹತ್ತಿದೆವು. ಅವಳು ಮುಂದೆ, ನಾನು ಹಿಂದೆ. ಹುಮನಾಬಾದಿನಲ್ಲಿ ಅವಳು ಇಳಿದು, ನಾಲ್ಕು ಹೆಜ್ಜೆ ಹೋಗಿ, ತಿರುಗಿ ನನ್ನ ಕಿಟಕಿಯ ಕೆಳಗೆ ಬಂದಳು. “ವರದಿ ಕೊಡೂಮುಂದ ನನಗ ಒಂದು ಪ್ರತಿ ಕಳಸ್ರಿ ಸರ್.” ಆಗಲಿ ಎಂದೆ. ಅಂಚಿನ ಸಾಲಿನ ಗಿಡಗಳನ್ನು ಸುತ್ತಿದ ಒದ್ದೆ ಚೀಲ ಅವಳ ಕಂಕುಳಲ್ಲಿತ್ತು. ಬೇರು ಒಣಗುವ ಮೊದಲು ಕುದಿಸಬೇಕು. ಅರ್ಧ ಓಡುತ್ತ ಜನರ ನಡುವೆ ಮರೆಯಾದಳು. ಬಸ್ಸು ತಿರುಗುವವರೆಗೂ ಆ ಕಡೆಯೇ ನೋಡಿದೆ.

ಅಂದು ಗುಲ್ಬರ್ಗದಲ್ಲಿ ಉಳಿದು ವರದಿ ಬರೆದೆ. ಬೇಕೆಂದೇ ಮುಚ್ಚಿಟ್ಟೆನೆಂಬ ಸಾಲನ್ನೂ ಕೊನೆಗೆ ಸೇರಿಸಿದೆ. ಮರುದಿನ ರೈಲು ಹತ್ತುವ ಮೊದಲು ಒಂದು ಪ್ರತಿಯನ್ನು ಸ್ಟೇಷನ್ನಿನ ಅಂಚೆ ಡಬ್ಬಿಗೆ ಹಾಕಿದೆ. ಊರು ಮುಟ್ಟುವುದರೊಳಗೆ ಮನಸ್ಸು ಬದಲಾದೀತೆಂಬ ಭಯವಿತ್ತು. ಸೋಮವಾರ ಮುಖ್ಯಸ್ಥರು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಗುರುನಾಥ, ಈ ಕೊನೀ ಸಾಲು ಬೇಕೇನ್ರಿ? ತೆಗೆದು ಬ್ಯಾರೆ ಪುಟ ಟೈಪ್ ಮಾಡಸ್ರಿ. ನಿಮ್ಮ ಹೆಸರಿಗೆ ಚೊಲೊ ಅಲ್ಲ.” ಬಸವಕಲ್ಯಾಣ ಬಿಟ್ಟಾಗಿನಿಂದ ಯಾರಾದರೂ ಹೀಗೆ ಹೇಳಲಿ ಎಂದು ನಾನು ಕಾಯುತ್ತಿದ್ದೆ.

“ಒಂದು ಪ್ರತಿ ಆಗಲೇ ಹುಮನಾಬಾದಿಗೆ ಹೋಗೇದರಿ ಸರ್,” ಎಂದೆ.

ಮರುವರ್ಷ ಸೋನಾಬಾಯಿಯ ಹೊಲದಲ್ಲಿ ಮತ್ತೆ ಬಿತ್ತಿದರು. ಉಳಿದ ಚೀಲಗಳನ್ನು ಸುಮಿತ್ರಾ ಆ ದಿನವೇ ಎತ್ತಿಕೊಂಡು ಬಂದಳಂತೆ. ಕೆಂಪು ಗೂಟದ ಸಾಲುಗಳು ಪೂರ್ತಿ ಉಳಿಯಲಿಲ್ಲ. ಆದರೆ ಬಿಳಿಯವುಗಳಿಗಿಂತ ಬಹಳ ಚೆನ್ನಾಗಿ ಉಳಿದವು. ಸೂಕ್ಷ್ಮದರ್ಶಕ ಅಷ್ಟರಲ್ಲಾಗಲೇ ಹುಮನಾಬಾದಿಗೆ ಹೋಗಿತ್ತು. ನಮ್ಮ ಕಚೇರಿಯಲ್ಲಿ ಅದನ್ನು ಹುಲ್ಲು ಹಾಕಿ ಪೆಟ್ಟಿಗೆಯಲ್ಲಿ ಕಟ್ಟುವ ದಿನ ನಾನು ರಜೆ ಹಾಕಿದ್ದೆ.